ಎರಡು ಫೋನು, ಎರಡು ವಾಷಿಂಗ್ ಮಷೀನು: ಜರ್ಮನ್‌ನಲ್ಲಿ ಹೋಲಿಸಿ ಮಾತಾಡೋದು ಹೇಗೆ?

ಹುಬ್ಬಳ್ಳಿ ಹುಡುಗಿ

ನಮಸ್ಕಾರ್ರಿ ಎಲ್ಲಾರಿಗೂ. ನಾನು ಗಯಟೆ ಇನ್‌ಸ್ಟಿಟ್ಯೂಟ್ (ಜರ್ಮನ್ ಕಲಿಸೋ ಸಂಸ್ಥೆ) ನಡಸೋ ಬಿ1 (ನಡುವಿನ ಮಟ್ಟದ) ಪರೀಕ್ಷೆಗೆ ತಯಾರಿ ನಡಸೇನಿ. ಓದೋದು, ಕೇಳೋದು, ಬರೆಯೋದು ಹೆಂಗೋ ನಡದದ. ಮಾತಾಡೋ ಭಾಗದಾಗ ತೊಡಕು ಅದ. ಹೋದ ವಾರ ಕ್ಲಾಸಿನ್ಯಾಗ ಎರಡು ಫೋನಿನ ಚಿತ್ರ ಕೊಟ್ಟು, "ಇವೆರಡನ್ನ ಹೋಲಿಸಿ ಮಾತಾಡ್ರಿ" ಅಂದ್ರು. ಗ್ರೋಸ್, ಗ್ರ್ಯೋಸರ್, ಆಮ್ ಗ್ರ್ಯೋಸ್ಟನ್ (ದೊಡ್ಡದು, ಅದಕ್ಕಿಂತ ದೊಡ್ಡದು, ಎಲ್ಲಾದಕ್ಕಿಂತ ದೊಡ್ಡದು) ಅನ್ನೋ ಪಟ್ಟಿ ಪೂರಾ ಬಾಯಿಪಾಠ ಆಗೇದ. ಆದ್ರ ಇದು ದೊಡ್ಡದು, ಅದು ಸಣ್ಣದು, ಇದು ತುಟ್ಟಿ, ಅದು ಸೋವಿ ಅಂದ ಮ್ಯಾಲ ಮುಂದಿನ ಮಾತು ಹೊಳೀಲಿಲ್ಲ. ಕ್ಲಾಸಿನ್ಯಾಗ ಎಲ್ಲಾರದೂ ಇದ ಕಥಿ.

ಫೋನು, ಲ್ಯಾಪ್‌ಟಾಪು, ವಾಷಿಂಗ್ ಮಷೀನು, ಹಿಂಗ ದಿನಾ ಬಳಸೋ ಸಾಮಾನಿನ ಬಗ್ಗೆ ಜರ್ಮನಿಯಾಗ ಮಂದಿ ಖರೇನ ಹೆಂಗ ಮಾತಾಡ್ತಾರ? ಅಲ್ಲಿರೋರು, ಕಲಿಸೋರು ಯಾರರ ಇದ್ರ ಪೂರಾ ವಾಕ್ಯನ ಬರದು ಹೇಳ್ರಿ. ಬರೇ ಪದ ಬ್ಯಾಡ್ರಿ, ಪದ ಸಾಕಷ್ಟು ಅವ.

ಜರ್ಮನ್ ಮೇಷ್ಟ್ರು, ಬೆಂಗಳೂರು

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಲಿಪಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಎಲ್ಲವನ್ನೂ ಕನ್ನಡದಲ್ಲೇ ಬರೆಯೋಣ. ಕೆಳಗೆ ಚುಕ್ಕಿ ಇರುವ 'ಜ಼' ಕಂಡರೆ ಉರ್ದುವಿನ ಜ಼ಮೀನ್‌ನಲ್ಲಿ ಬರುವ ಉಚ್ಚಾರ. ಪದದ ಕೊನೆಯ 'ಅರ್' ಅನ್ನು ಒತ್ತಿ ಹೇಳಬೇಡಿ. ಅಲ್ಲಿನ ರಕಾರವನ್ನು ಜರ್ಮನ್ನರು ಹೆಚ್ಚುಕಡಿಮೆ ನುಂಗಿಬಿಡುತ್ತಾರೆ.

ಈಗ ವಿಷಯ. ನಮ್ಮವರು ಎಡವುವ ಜಾಗ ಯಾವುದು ಅಂತ ನೋಡಿ. "ನಿನ್ನ ಫೋನಿಗಿಂತ ನನ್ನದು ಹಳೆಯದು" ಅನ್ನುವಾಗ ಹೋಲಿಕೆಯ ಭಾರವೆಲ್ಲ 'ಗಿಂತ' ಹೊರುತ್ತದೆ. 'ಹಳೆಯದು' ಇದ್ದ ಹಾಗೇ ಇರುತ್ತದೆ. ಜರ್ಮನ್‌ನಲ್ಲಿ ಗುಣಪದಕ್ಕೂ 'ಅರ್' ಹಚ್ಚಬೇಕು, ಆಮೇಲೆ 'ಆಲ್ಸ್' ಕೂಡ ಬರಬೇಕು: ಮೈನ್ ಹ್ಯಾಂಡಿ ಇಸ್ಟ್ ಎಲ್ಟರ್ ಆಲ್ಸ್ ಡೈನ್ಸ್. ಕನ್ನಡದ ಅಭ್ಯಾಸದಲ್ಲಿ 'ಆಲ್ಟ್ ಆಲ್ಸ್' ಅಂದುಬಿಡುವವರು ಬಹಳ ಜನ. ಇಂಗ್ಲಿಷ್ ಅಭ್ಯಾಸದಲ್ಲಿ 'ಮೇರ್ ಆಲ್ಟ್' ಅನ್ನುವವರೂ ಅಷ್ಟೇ ಇದ್ದಾರೆ. ಎರಡೂ ತಪ್ಪು. ಪದ ಎಷ್ಟೇ ಉದ್ದ ಇರಲಿ, 'ಅರ್' ಅದರ ಬಾಲಕ್ಕೇ ಅಂಟಬೇಕು: ಇಂಟರೆಸಾಂಟರ್, ಪ್ರಾಕ್ಟಿಶರ್, ತ್ಸೂಫೆರ್‌ಲೆಸಿಗರ್ (ಹೆಚ್ಚು ನಂಬಬಹುದಾದದ್ದು). 'ಮೇರ್' ಬರುವುದು ಪ್ರಮಾಣ ಹೇಳುವಾಗ: ಮೇರ್ ಶ್ಪೈಶರ್‌ಪ್ಲಾಟ್ಸ್, ಅಂದರೆ ಫೋಟೊ, ಆ್ಯಪ್ ತುಂಬಿಡಲು ಹೆಚ್ಚು ಜಾಗ.

ಇನ್ನೊಂದು: ಕನ್ನಡದಲ್ಲಿ ಯಾವುದಕ್ಕೆ ಹೋಲಿಸುತ್ತೇವೋ ಅದು ಮೊದಲು ಬರಬಹುದು, 'ನಿನ್ನ ಫೋನಿಗಿಂತ' ಅಂತ. ಜರ್ಮನ್‌ನಲ್ಲಿ ಅದು ಸಾಮಾನ್ಯವಾಗಿ ಕೊನೆಗೆ, 'ಆಲ್ಸ್' ಬೆನ್ನಿಗೆ. ಹಾಗಾಗಿ ಯಾವ ವಸ್ತುವಿನ ಬಗ್ಗೆ ಹೇಳಬೇಕೋ ಅದರಿಂದಲೇ ವಾಕ್ಯ ಶುರು ಮಾಡಿ.

ಎರಡೂ ಸಮ ಅನ್ನುವಾಗ 'ಆಲ್ಸ್' ಬರಬಾರದು. ಡೀಜ಼ೆಸ್ ಹ್ಯಾಂಡಿ ಇಸ್ಟ್ ಗೆನೌಜ಼ೋ ಟೊಯರ್ ವೀ ಡಾಸ್ ಆಂಡರೆ: ಈ ಫೋನಿನ ಬೆಲೆ ಅದರಷ್ಟೇ. 'ಅಷ್ಟು ಇಲ್ಲ' ಅನ್ನಲು 'ನಿಶ್ಟ್ ಜ಼ೋ … ವೀ': ಡೀ ಕಾಮೆರಾ ಇಸ್ಟ್ ನಿಶ್ಟ್ ಜ಼ೋ ಗೂಟ್ ವೀ ಡೀ ಆಂಡರೆ. 'ಕೆಟ್ಟದ್ದು' ಅನ್ನುವ 'ಶ್ಲೆಶ್ಟರ್'ಗಿಂತ ಇದು ಮೆತ್ತಗಿನ ಮಾತು. 'ಎರಡು ಪಟ್ಟು' ಅನ್ನುವುದಕ್ಕೂ ಇದೇ ಅಚ್ಚು: ಡೊಪೆಲ್ಟ್ ಜ಼ೋ ಶ್ನೆಲ್ ವೀ, ಎರಡು ಪಟ್ಟು ವೇಗ. ಹಾಲ್ಪ್ ಜ಼ೋ ಟೊಯರ್ ವೀ, ಅರ್ಧ ಬೆಲೆ.

ತಾಯಿ, ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. 'ತುಂಬಾ ದೊಡ್ಡದು' ಅನ್ನಲು ಕಲಿತ 'ಜ಼ೇರ್' ಹೋಲಿಕೆಗೆ ಬರುವುದಿಲ್ಲ. 'ಜ಼ೇರ್ ಗ್ರ್ಯೋಸರ್' ಅಂತ ಇಲ್ಲ. ಫೀಲ್ ಗ್ರ್ಯೋಸರ್ (ಬಹಳ), ಎಟ್ವಾಸ್ ಗ್ರ್ಯೋಸರ್ (ಸ್ವಲ್ಪ), ಡೊಯ್ಟ್‌ಲಿಶ್ ಗ್ರ್ಯೋಸರ್ (ಎದ್ದು ಕಾಣುವಷ್ಟು). ಈ ಮೂರು ಇದ್ದರೆ ಮಾತಿಗೆ ಅಳತೆ ಬರುತ್ತದೆ.

ಉಲ್ಮ್‌ನಲ್ಲಿರುವ ಮಂಗಳೂರಿನವ

ಮೇಷ್ಟ್ರು ಹೇಳಿದ್ದು ಸರಿ ಉಂಟು. ನಾನು ಅಂಗಡಿಯ ಕಡೆಯಿಂದ ಹೇಳ್ತೇನೆ, ಯಾಕೆಂದ್ರೆ ಇಲ್ಲಿ ಬಂದ ಮೇಲೆ ಹೋಲಿಸಿ ಮಾತಾಡುವ ಅಗತ್ಯ ಬೀಳುವುದೇ ಅಲ್ಲಿ. ಜರ್ಮನಿಯಲ್ಲಿ ಬಾಡಿಗೆ ಮನೆ ಸಿಕ್ಕಿತು ಅಂತ ಖುಷಿಯಲ್ಲಿ ಹೋದ್ರೆ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಕಪಾಟೂ ಇರುವುದಿಲ್ಲ. ಫ್ರಿಜ್, ಒಲೆ, ವಾಷಿಂಗ್ ಮಷೀನ್ ಎಲ್ಲ ನಾವೇ ತರಬೇಕು.

ನಾನು ವಾಷಿಂಗ್ ಮಷೀನ್ ತೆಗೆದುಕೊಂಡದ್ದು ಹೇಳ್ತೇನೆ, ವಾಕ್ಯಗಳು ಅಲ್ಲಿಯೇ ಸಿಗ್ತವೆ. ಅಕ್ಕಪಕ್ಕ ಎರಡು ಮಷೀನ್ ಇದ್ದವು. ನಾನು ಕೇಳಿದ್ದು: ವಾಸ್ ಇಸ್ಟ್ ಡೇರ್ ಉಂಟರ್‌ಶೀಡ್ ತ್ಸ್ವಿಶನ್ ಡೀಜ಼ನ್ ಬೈಡನ್? (ಇವೆರಡಕ್ಕೂ ಏನು ವ್ಯತ್ಯಾಸ?) ಅಂಗಡಿಯವರು ಮಷೀನಿನ ಮೇಲೆ ಕೈ ಇಟ್ಟು ಹೇಳಿದ್ದು: ಡೀ ಹೀರ್ ಇಸ್ಟ್ ತ್ಸ್ವಾರ್ ಹುಂಡರ್ಟ್ ಒಯ್ರೊ ಟೊಯ್ರರ್, ಆಬರ್ ಡೊಯ್ಟ್‌ಲಿಶ್ ಲೈಜ಼ರ್. ಇದು ನೂರು ಯೂರೊ ಜಾಸ್ತಿ ಹೌದು, ಆದ್ರೆ ಸದ್ದು ಚೆನ್ನಾಗಿ ಕಡಿಮೆ. ಈ 'ತ್ಸ್ವಾರ್ … ಆಬರ್' ಜೋಡಿಯನ್ನು ಕಲಿತುಕೊಳ್ಳಿ. ಒಂದು ಬದಿಯನ್ನು ಒಪ್ಪಿಕೊಂಡು ಇನ್ನೊಂದು ಬದಿಗೆ ಎಳೆಯುವ ಮಾತು ಅದು. ಇಲ್ಲಿ ಜನ ಸಾಮಾನು ಹೋಲಿಸುವಾಗ ಅದು ಮತ್ತೆ ಮತ್ತೆ ಕಿವಿಗೆ ಬೀಳ್ತದೆ.

ಇನ್ನೊಂದು ಗಮನಿಸಿ. ಅವರು 'ವಾಶ್‌ಮಶೀನೆ' ಅಂತ ಒಮ್ಮೆಯೂ ಹೇಳಲಿಲ್ಲ. ಬರೀ 'ಡೀ ಹೀರ್', 'ಡೀ ಡಾ', ಇದು, ಅದು. ಮಷೀನ್ ಸ್ತ್ರೀಲಿಂಗ, ಹಾಗಾಗಿ 'ಡೀ'. ವ್ಯಾಕ್ಯೂಮ್ ಕ್ಲೀನರ್ ಆಗಿದ್ರೆ 'ಡೇರ್ ಹೀರ್', ಯಾಕೆಂದ್ರೆ ಡೇರ್ ಶ್ಟೌಬ್‌ಜ಼ೌಗರ್. ಫೋನ್ ಆದ್ರೆ 'ಡಾಸ್ ಹೀರ್'. ನಮಗೆ ಎಲ್ಲವೂ 'ಅದು', ಅವರಿಗೆ ಹಾಗಲ್ಲ. ಸಾಮಾನಿನ ಹೆಸರನ್ನು ಲಿಂಗದ ಜೊತೆಗೇ ಬಾಯಿಪಾಠ ಮಾಡಿ ಅಂತ ಟೀಚರ್ ಬೊಬ್ಬೆ ಹೊಡೆಯುವುದು ಇದಕ್ಕೇ. 'ನಿನ್ನದು' ಅನ್ನುವುದೂ ಇದರ ಹಿಂದೆಯೇ ಬದಲಾಗ್ತದೆ: ಫೋನಿಗೆ 'ಡೈನ್ಸ್', ಲ್ಯಾಪ್‌ಟಾಪಿಗೆ 'ಡೈನರ್', ವಾಷಿಂಗ್ ಮಷೀನಿಗೆ 'ಡೈನೆ'.

ಮಷೀನಿಗೆ ಅಂಟಿಸಿದ ಬಣ್ಣದ ಚೀಟಿಯನ್ನೂ ಓದಲು ಕಲಿಯಿರಿ. ಅದು ಐರೋಪ್ಯ ಒಕ್ಕೂಟದ ವಿದ್ಯುತ್ ಚೀಟಿ. ಮೊದಲು ಎ ಪ್ಲಸ್ ಪ್ಲಸ್ ಪ್ಲಸ್ ಅಂತೆಲ್ಲ ಇತ್ತು. 2021ರ ಮಾರ್ಚ್ 1ರಿಂದ ವಾಷಿಂಗ್ ಮಷೀನ್, ಫ್ರಿಜ್, ಪಾತ್ರೆ ತೊಳೆಯುವ ಮಷೀನ್, ಟಿವಿ ಇವಕ್ಕೆಲ್ಲ ಎ ಇಂದ ಜಿ ವರೆಗೆ ಏಳೇ ದರ್ಜೆ. ವಾಷಿಂಗ್ ಮಷೀನಿನ ಚೀಟಿಯಲ್ಲಿ 100 ಸಲ ಒಗೆಯಲಿಕ್ಕೆ ಎಷ್ಟು ಯೂನಿಟ್ ಕರೆಂಟು, ಒಂದು ಸಲಕ್ಕೆ ಎಷ್ಟು ಲೀಟರ್ ನೀರು, ಎಷ್ಟು ಕಿಲೋ ಬಟ್ಟೆ, ಹಿಂಡುವಾಗ ಎಷ್ಟು ಡೆಸಿಬೆಲ್ ಸದ್ದು, ಎಲ್ಲ ಉಂಟು. ಇದನ್ನು ನೋಡಿಕೊಂಡೇ ವಾಕ್ಯ ಕಟ್ಟಬಹುದು: ಡೀಜ಼ೆ ಮಶೀನೆ ಫೆರ್‌ಬ್ರೌಖ್ಟ್ ವೇನಿಗರ್ ಶ್ಟ್ರೋಮ್, ಆಬರ್ ಮೇರ್ ವಾಸರ್. ಕರೆಂಟು ಕಡಿಮೆ, ನೀರು ಜಾಸ್ತಿ.

ನಾನು ಕಡಿಮೆ ಸದ್ದಿನದ್ದನ್ನೇ ತಂದೆ. ಹಳೇ ಕಟ್ಟಡ, ಮರದ ನೆಲ, ಕೆಳಗೆ ವಯಸ್ಸಾದವರು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯವಾಗಿ ಇಲ್ಲಿ ನಿಶ್ಶಬ್ದದ ಹೊತ್ತು, ರೂಎತ್ಸೈಟ್ ಅಂತಾರೆ. ಅಂಗಡಿಯಲ್ಲಿ ನಾನು ಹೇಳಿದ ವಾಕ್ಯ: ಇಶ್ ಹೆಟೆ ಲೀಬರ್ ಐನೆ, ಡೀ ಲೈಜ಼ರ್ ಇಸ್ಟ್. ಸದ್ದು ಕಡಿಮೆ ಇರುವಂಥದ್ದೇ ಆದ್ರೆ ಒಳ್ಳೆಯದಿತ್ತು, ಅಂತ. 'ಲೀಬರ್' ಅಂದ್ರೆ ನಮ್ಮ ಆಯ್ಕೆ ಹೇಳುವ ಪದ. 'ಇದಕ್ಕಿಂತ ಕಡಿಮೆ ಬೆಲೆಯದ್ದು ಉಂಟಾ?' ಅಂತ ಕೇಳಲಿಕ್ಕೆ: ಹಾಬನ್ ಜ಼ೀ ಎಟ್ವಾಸ್ ಗ್ಯುನ್‌ಸ್ಟಿಗರೆಸ್?

ದಾವಣಗೆರೆ ಡಿಪ್ಲೊಮಾ

ಅಣ್ಣಾ, 'ಬಿಲಿಗರ್' ಅಂದರೂ ಕಡಿಮೆ ಬೆಲೆಯದು ಅಂತ ತಾನೆ? ಗ್ಯುನ್‌ಸ್ಟಿಗರೆಸ್ ಯಾಕೆ? ಇನ್ನೊಂದು, ಈ ಗ್ಯು, ಗ್ರ್ಯೋ ಉಚ್ಚಾರ ಬಾಯಿಗೆ ಬರ್ತಾನೇ ಇಲ್ಲ.

ಜರ್ಮನ್ ಮೇಷ್ಟ್ರು, ಬೆಂಗಳೂರು

ಉಚ್ಚಾರಕ್ಕೆ ನಾನು ಉತ್ತರಿಸುತ್ತೇನೆ. ಲಿಪಿಯಲ್ಲಿ ಬೇರೆ ದಾರಿ ಇಲ್ಲದೆ ಯಕಾರ ಹಾಕಿದ್ದೇವೆ, ಆದರೆ ಅಲ್ಲಿ ಯಕಾರವೇ ಇಲ್ಲ. 'ಏ' ಎಂದು ಎಳೆಯುತ್ತಾ ಇರಿ, ನಾಲಿಗೆಯನ್ನು ಅಲ್ಲಾಡಿಸದೆ ತುಟಿಯನ್ನು ಮಾತ್ರ 'ಓ' ಅನ್ನುವ ಹಾಗೆ ದುಂಡಗೆ ಮಾಡಿ. 'ಗ್ರ್ಯೋಸರ್'ನ ಸ್ವರ ಅದು. 'ಈ' ಎಂದು ಎಳೆಯುತ್ತಾ ತುಟಿಯನ್ನು 'ಊ'ಗೆ ತನ್ನಿ, 'ಫ್ಯೂರ್'ನ ಸ್ವರ ಬರುತ್ತದೆ. ಅದನ್ನೇ ಗಿಡ್ಡ ಮಾಡಿದರೆ 'ಕ್ಯುರ್ತ್ಸರ್'ನದು. ಕನ್ನಡಿ ಮುಂದೆ ನಿಂತು ಮಾಡಿದರೆ ಬೇಗ ಬರುತ್ತದೆ. 'ಎಲ್ಟರ್', 'ಲೆಂಗರ್', 'ಶ್ಟೆರ್ಕರ್' ಇವುಗಳಲ್ಲಿ ನಮಗೆ ಕಷ್ಟವೇ ಇಲ್ಲ, ಅಲ್ಲಿ ಬರುವುದು ನಮ್ಮ ಎಕಾರವೇ.

ಒಂದು ಗುಂಪನ್ನು ನೆನಪಿಡಿ. ಗ್ರೋಸ್ (ದೊಡ್ಡ), ಆಲ್ಟ್ (ಹಳೆಯ), ಲಾಂಗ್ (ಉದ್ದ), ಕುರ್ತ್ಸ್ (ಗಿಡ್ಡ), ಶ್ಟಾರ್ಕ್ (ಬಲವಾದ), ಶ್ವಾಖ್ (ದುರ್ಬಲ) ಇಂಥ ಗಿಡ್ಡ ಪದಗಳಲ್ಲಿ ಸ್ವರ ಬದಲಾಗುತ್ತದೆ. ಶ್ನೆಲ್ (ವೇಗ), ಕ್ಲೈನ್ (ಚಿಕ್ಕ), ಲೈಶ್ಟ್ (ಹಗುರ, ಸುಲಭ), ಲೌಟ್ (ಸದ್ದಿನ) ಇವುಗಳಲ್ಲಿ ಏನೂ ಆಗುವುದಿಲ್ಲ. 'ಹೋಖ್' (ಎತ್ತರ) ಮಾತ್ರ 'ಹ್ಯೋಅರ್' ಆಗಿಬಿಡುತ್ತದೆ, ಅದರ ಖಕಾರ ಕಾಣೆಯಾಗುತ್ತದೆ. 'ಗೂಟ್, ಬೆಸರ್, ಆಮ್ ಬೆಸ್ಟನ್' (ಒಳ್ಳೆಯದು, ಅದಕ್ಕಿಂತ ಒಳ್ಳೆಯದು, ಎಲ್ಲಕ್ಕಿಂತ ಒಳ್ಳೆಯದು) ನಿಮಗೆ ಗೊತ್ತೇ ಇದೆ.

ಉಲ್ಮ್‌ನಲ್ಲಿರುವ ಮಂಗಳೂರಿನವ

ಬಿಲಿಶ್ ಅಂದ್ರೆ ಕಡಿಮೆ ಬೆಲೆ ಅಂತಲೂ ಆಗ್ತದೆ, 'ಕಳಪೆ ಮಾಲು' ಅಂತಲೂ ಆಗ್ತದೆ. ಗ್ಯುನ್‌ಸ್ಟಿಶ್ ಅಂದ್ರೆ ಕೊಟ್ಟ ಬೆಲೆಗೆ ಒಳ್ಳೆಯದು ಸಿಕ್ಕಿತು ಅಂತ. ಯಾರದ್ದಾದ್ರೂ ಮನೆಗೆ ಹೋಗಿ ಅವರ ಹೊಸ ಟಿವಿಯನ್ನು ನೋಡಿ 'ಬಿಲಿಶ್' ಅನ್ನಬೇಡಿ, 'ಗ್ಯುನ್‌ಸ್ಟಿಶ್' ಅನ್ನಿ. ಇದರ ಜೊತೆಗೇ ಬರುವ ಇನ್ನೊಂದು ಉದ್ದದ ಪದ 'ಪ್ರೈಸ್‌-ಲೈಸ್ಟುಂಗ್ಸ್‌-ಫೆರ್‌ಹೆಲ್ಟ್‌ನಿಸ್'. ಕೊಟ್ಟ ದುಡ್ಡಿಗೆ ಸಿಗುವ ಕೆಲಸ ಎಷ್ಟು ಅನ್ನುವ ಲೆಕ್ಕ. ಡಾಸ್ ಪ್ರೈಸ್‌-ಲೈಸ್ಟುಂಗ್ಸ್‌-ಫೆರ್‌ಹೆಲ್ಟ್‌ನಿಸ್ ಇಸ್ಟ್ ಬೆಸರ್ ಅಂದ್ರೆ ಮುಗೀತು, ಅಂಗಡಿಯವರಿಗೂ ನಿಮ್ಮ ಮೇಲೆ ಗೌರವ ಬರ್ತದೆ.

ಒಂದು ಎಚ್ಚರಿಕೆ: ನಮ್ಮ ಈ ಶ್ವಾಬೆನ್ ಸೀಮೆಯಲ್ಲಿ ಜನ 'ಬೆಸರ್ ವೀ' ಅಂತ ಧಾರಾಳವಾಗಿ ಹೇಳ್ತಾರೆ, 'ಬೆಸರ್ ಆಲ್ಸ್' ಅಲ್ಲ. ಬವೇರಿಯಾ ಕಡೆಯೂ ಕೇಳಿಬರ್ತದೆ. ಕೇಳಿದಾಗ ಗಾಬರಿಯಾಗಬೇಡಿ. ಆದ್ರೆ ಪರೀಕ್ಷೆಯಲ್ಲಿ, ಆಫೀಸಿನ ಮೇಲ್‌ನಲ್ಲಿ 'ಆಲ್ಸ್' ಇರಲೇಬೇಕು.

ಕಾಸೆಲ್ ಸಿಸ್ಟರ್

ನಾನು ಹಾಸನದ ಕಡೆಯವಳು, ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಅಂಗಡಿಗಿಂತ ವಾರ್ಡಿನಲ್ಲಿ ಹೋಲಿಕೆ ಇನ್ನೂ ಹೆಚ್ಚು ಬೇಕಾಗುತ್ತೆ ಅಂತ ನನ್ನ ಅನುಭವ. ಪಾಳಿ ಬದಲಾಗುವಾಗ: ಡೇರ್ ಬ್ಲೂಟ್‌ಡ್ರುಕ್ ಇಸ್ಟ್ ಹ್ಯೋಅರ್ ಆಲ್ಸ್ ಹೊಯ್ಟೆ ಮೋರ್ಗನ್, ಬೆಳಗ್ಗೆಗಿಂತ ಬಿಪಿ ಜಾಸ್ತಿ ಇದೆ. ಥರ್ಮಾಮೀಟರ್ ವಿಷಯಕ್ಕೆ: ಡಾಸ್ ಹೀರ್ ಇಸ್ಟ್ ಶ್ನೆಲರ್, ಆಬರ್ ಡಾಸ್ ಆಂಡರೆ ಇಸ್ಟ್ ಗೆನೌವರ್. ಇದು ಬೇಗ ತೋರಿಸುತ್ತೆ, ಆದರೆ ಅದರ ಅಳತೆ ಹೆಚ್ಚು ನಿಖರ. ಇಂಥ ಕಡೆ 'ಆಲ್ಸ್', 'ವೀ' ಅದಲುಬದಲಾದರೆ ಕೇಳುವವರು ಅರ್ಥ ಮಾಡಿಕೊಳ್ಳುತ್ತಾರೆ. ಗುಣಪದಕ್ಕೆ 'ಅರ್' ಬಿಟ್ಟುಹೋದರೆ ಮಾತ್ರ 'ಏನಂದ್ರಿ?' ಅಂತ ಮತ್ತೆ ಕೇಳುತ್ತಾರೆ. ಅದಕ್ಕೇ ಹುಬ್ಬಳ್ಳಿ ತಂಗಿ, 'ಅರ್' ಮೇಲೆ ಮೊದಲು ಗಮನ ಇಡಮ್ಮ.

ಆದರೆ ನಾನು ಹೇಳಬೇಕು ಅಂದುಕೊಂಡಿದ್ದು ಬೇರೆ. 'ಇದು ದೊಡ್ಡದು, ಅದು ಸಣ್ಣದು' ಅಂದಮೇಲೆ ಮಾತು ನಿಂತುಹೋಗುತ್ತೆ ಅಂದೆಯಲ್ಲ, ಅದಕ್ಕೆ ಕಾರಣ ನಿನ್ನ ಜರ್ಮನ್ ಅಲ್ಲ. ಚಿತ್ರದಲ್ಲಿರುವ ಫೋನು ನಿನ್ನದಲ್ಲ, ಅದರಿಂದ ನಿನಗೆ ಆಗಬೇಕಾದ್ದೂ ಇಲ್ಲ. ಯಾರಿಗೆ, ಯಾತಕ್ಕೆ ಅನ್ನುವುದು ಬಂದ ಕೂಡಲೇ ಮಾತು ತಾನಾಗಿ ಹರಿಯುತ್ತೆ. ಮೀರ್ ಇಸ್ಟ್ ಡೇರ್ ಅಕ್ಕು ವಿಶ್ಟಿಗರ್ ಆಲ್ಸ್ ಡೀ ಕಾಮೆರಾ: ನನಗೆ ಕ್ಯಾಮೆರಾಗಿಂತ ಬ್ಯಾಟರಿ ಮುಖ್ಯ. ನೋಡು, 'ಮೀರ್' ಅಂದರೆ 'ನನಗೆ'. ಇಂಗ್ಲಿಷ್‌ನಲ್ಲಿ ಯೋಚನೆ ಮಾಡಿ ಅನುವಾದಿಸುವವರು ಇಲ್ಲಿ 'ಇಶ್' (ನಾನು) ಅಂತ ಶುರು ಮಾಡಿ ಸಿಕ್ಕಿಹಾಕಿಕೊಳ್ಳುತ್ತಾರೆ. ಕನ್ನಡದಲ್ಲೇ ಯೋಚನೆ ಮಾಡಿದರೆ ನೇರವಾಗಿ ಬರುತ್ತೆ. ಮೀರ್ ಗೆಫೆಲ್ಟ್ ಡಾಸ್ ಕ್ಲೈನರೆ ಬೆಸರ್, ನನಗೆ ಆ ಚಿಕ್ಕದೇ ಹೆಚ್ಚು ಇಷ್ಟ. ಇದಕ್ಕೂ 'ನನಗೆ' ಬೇಕು. ಇಷ್ಟದ ಜೊತೆ 'ಮೇರ್' ಅಲ್ಲ, 'ಬೆಸರ್'.

ನಮ್ಮ ವಾರ್ಡಿನಲ್ಲಿ ವಯಸ್ಸಾದವರು ಫೋನು ಕೈಗೆ ಕೊಟ್ಟು 'ಮಗಳಿಗೆ ಹಚ್ಚಿಕೊಡು' ಅಂತಾರೆ. ಒಬ್ಬ ಅಜ್ಜಿ ದಿನಾ ಅನ್ನುವ ಮಾತು: ಮೈನ್ ಆಲ್ಟೆಸ್ ಟೆಲೆಫೋನ್ ವಾರ್ ಫೀಲ್ ಐನ್‌ಫಾಖರ್. ನನ್ನ ಹಳೇ ಫೋನು ಎಷ್ಟೋ ಸುಲಭವಾಗಿತ್ತು ಅಂತ. ಆಮೇಲೆ: ಡೀ ಕ್ನ್ಯೋಪ್ಫೆ ವೇರ್ಡನ್ ಇಮರ್ ಕ್ಲೈನರ್. ಗುಂಡಿಗಳು ಬರಬರುತ್ತಾ ಚಿಕ್ಕದಾಗ್ತಾ ಇವೆ. 'ಇಮರ್' ಮುಂದೆ ಇಟ್ಟು 'ಅರ್' ಪದ ಹೇಳಿದರೆ 'ದಿನದಿಂದ ದಿನಕ್ಕೆ ಹಾಗಾಗ್ತಿದೆ' ಅನ್ನುವ ಅರ್ಥ. ಇಮರ್ ಟೊಯ್ರರ್, ಇಮರ್ ಶ್ನೆಲರ್, ಇಮರ್ ಬೆಸರ್. ಆಗ ಮತ್ತು ಈಗ ಅಂತ ಹೋಲಿಸೋದು ಪರೀಕ್ಷೆಯಲ್ಲೂ ಬರುತ್ತೆ. 'ಫ್ರ್ಯೂಅರ್' ಅಂದರೆ ಆಗ, 'ಹೊಯ್ಟೆ' ಅಂದರೆ ಈಗ.

ಮಾರತ್ತಹಳ್ಳಿ ಟೆಕ್ಕಿ

ಇಷ್ಟೆಲ್ಲ ಕಲಿಯೋ ಅವಶ್ಯಕತೆ ಈಗ ಇದೆಯಾ? ಫೋನ್ ಕ್ಯಾಮೆರಾ ಹಿಡಿದರೆ ಚೀಟಿ ಅನುವಾದ ಆಗುತ್ತೆ, ಮಾತಾಡಿದರೆ ಅದೇ ಜರ್ಮನ್‌ನಲ್ಲಿ ಹೇಳುತ್ತೆ. ನಮ್ಮ ಟೀಮಿನವರು ಹೋದಾಗ ಹಾಗೇ ನಿಭಾಯಿಸಿದ್ರು.

ಕಾಸೆಲ್ ಸಿಸ್ಟರ್

ನಾಲ್ಕು ದಿನದ ಕೆಲಸಕ್ಕೆ ಹೋಗಿಬರುವವರಿಗೆ ಸಾಕು ಸರ್, ನಾನೂ ಒಪ್ಪುತ್ತೇನೆ. ಚೀಟಿ ಓದಲು ನಾನೂ ಬಳಸಿದ್ದೇನೆ. ಆದರೆ ಪಾಳಿ ಬದಲಾಗುವ ಹೊತ್ತಿನಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬರುತ್ತಿರುತ್ತೆ, ಅಲ್ಲಿ ಫೋನು ಹಿಡಿದು ನಿಲ್ಲಲು ಆಗಲ್ಲ. ಸಹೋದ್ಯೋಗಿಗಳ ಜೊತೆ ಕಾಫಿ ಕುಡಿಯುವಾಗ ಯಾವ ವ್ಯಾಕ್ಯೂಮ್ ಕ್ಲೀನರ್ ತರಲಿ ಅಂತ ಕೇಳಿದರೆ ಐದು ಜನ ಐದು ಸಲಹೆ ಕೊಡುತ್ತಾರೆ. ಇಲ್ಲಿ ಜನ ಸುಲಭಕ್ಕೆ ಹತ್ತಿರ ಆಗಲ್ಲ ಅಂತಾರೆ, ಆದರೆ ಸಾಮಾನಿನ ಬಗ್ಗೆ ಸಲಹೆ ಕೇಳಿದರೆ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ನನಗೆ ಮೊದಲ ಗೆಳತಿ ಸಿಕ್ಕಿದ್ದು ಹಾಗೆ.

ಫ್ರಾಂಕ್‌ಫರ್ಟ್ ಲೆಕ್ಕಪತ್ರ

ಬೆಲೆ ಹೋಲಿಸುವವರಿಗೆ ಅಂಕಿಯ ವಿಷಯ ಹೇಳಲೇಬೇಕು. ಇಲ್ಲಿ ಅಲ್ಪವಿರಾಮ, ಚುಕ್ಕಿ ಎರಡೂ ನಮ್ಮದಕ್ಕೆ ಉಲ್ಟಾ. 1.299 ಯೂರೊ ಅಂತ ಇದ್ದರೆ ಅದು ಸಾವಿರದ ಇನ್ನೂರ ತೊಂಬತ್ತೊಂಬತ್ತು. ಪರದೆ 6,1 ಇಂಚು ಅಂತ ಇದ್ದರೆ ಆರೂವರೆಗಿಂತ ಕಡಿಮೆ, ಆರು ಪಾಯಿಂಟ್ ಒಂದು. ಓದುವಾಗ ಅಲ್ಪವಿರಾಮವನ್ನೂ ಹೇಳುತ್ತಾರೆ: ಜ಼ೆಕ್ಸ್ ಕೊಮಾ ಐನ್ಸ್ ತ್ಸೋಲ್.

ಅಂಕಿ ಹೇಳುವಾಗ ಬಿಡಿ ಮೊದಲು, ಹತ್ತು ಆಮೇಲೆ. 54 ಅನ್ನು 'ಫೀರ್‌-ಉಂಡ್‌-ಫ್ಯುಂಫ್‌ತ್ಸಿಶ್', ನಾಲ್ಕು ಮತ್ತು ಐವತ್ತು, ಅನ್ನುತ್ತಾರೆ. ಕೇಳಿದ ತಕ್ಷಣ ಮೊದಲು ಕಿವಿಗೆ ಬಿದ್ದ ನಾಲ್ಕನ್ನು ಬರೆದುಬಿಟ್ಟರೆ 45 ಆಗಿಬಿಡುತ್ತದೆ. ಬೆಲೆ ಕೇಳಿ ಬರೆದುಕೊಳ್ಳುವವರು ಪೂರ್ತಿ ಕೇಳಿಸಿಕೊಂಡು ಬರೆಯಿರಿ.

ಇನ್ನು, ಜರ್ಮನ್ನರು ಏನನ್ನಾದರೂ ಕೊಳ್ಳುವ ಮೊದಲು 'ಶ್ಟಿಫ್ಟುಂಗ್ ವಾರನ್‌ಟೆಸ್ಟ್' ಏನು ಹೇಳಿದೆ ಅಂತ ನೋಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. 1964ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಸಂಸ್ಥೆ. ಸಾಮಾನುಗಳನ್ನು ಪರೀಕ್ಷೆ ಮಾಡಿ ಅಂಕ ಕೊಡುತ್ತದೆ. ಜರ್ಮನ್ ಶಾಲೆಯ ಅಂಕದ ಹಾಗೇ ಇಲ್ಲೂ ಅಂಕಿ ಕಡಿಮೆ ಇದ್ದಷ್ಟೂ ಉತ್ತಮ: 1,5ರವರೆಗೆ 'ಜ಼ೇರ್ ಗೂಟ್' (ಬಹಳ ಒಳ್ಳೆಯದು), 2,5ರವರೆಗೆ 'ಗೂಟ್' (ಒಳ್ಳೆಯದು), 3,5ರವರೆಗೆ 'ಬೆಫ್ರೀಡಿಗೆಂಟ್' (ತೃಪ್ತಿಕರ), ಅಂಕಿ ಅದಕ್ಕಿಂತ ಹೆಚ್ಚಾದರೆ 'ಔಸ್‌ರೈಶೆಂಟ್' (ಪರವಾಗಿಲ್ಲ), 'ಮಾಂಗೆಲ್‌ಹಾಫ್ಟ್' (ಕಳಪೆ). 4,2 ಅಂತ ಕಂಡು ಐದಕ್ಕೆ ನಾಲ್ಕು ನಕ್ಷತ್ರ ಬಂದಿದೆ ಅಂದುಕೊಳ್ಳಬೇಡಿ. ಅವರ ಪರೀಕ್ಷಾ ವರದಿಗಳ ಭಾಷೆ ಸ್ವಚ್ಛ, ಹೋಲಿಕೆಯ ವಾಕ್ಯಗಳು ತುಂಬಿರುತ್ತವೆ. ಬಿ1 ಓದಿಗೆ ನಾನು ಇದನ್ನೇ ಶಿಫಾರಸು ಮಾಡುತ್ತೇನೆ.

'ಅಕ್ಕು' ಅಂದರೆ ಚಾರ್ಜ್ ಮಾಡಬಹುದಾದದ್ದು, 'ಬಾಟರೀ' ಅಂದರೆ ಗಡಿಯಾರ, ರಿಮೋಟಿಗೆ ಹಾಕಿ ಎಸೆಯುವಂಥದ್ದು. ಫೋನಿನ ವಿಷಯದಲ್ಲಿ 'ಅಕ್ಕು' ಅನ್ನಿ. ಅದು ಎಷ್ಟು ಹೊತ್ತು ಬರುತ್ತದೆ ಅನ್ನುವುದು 'ಅಕ್ಕುಲೌಫ್‌ತ್ಸೈಟ್'. 2025ರ ಜೂನ್ 20ರಿಂದ ಫೋನು, ಟ್ಯಾಬ್ಲೆಟ್‌ಗಳಿಗೂ ಆ ಬಣ್ಣದ ಚೀಟಿ ಬಂದಿದೆ. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಗಂಟೆ, ಕೆಳಗೆ ಬಿದ್ದರೆ ಎಷ್ಟು ತಡೆಯುತ್ತದೆ, ರಿಪೇರಿ ಎಷ್ಟು ಸುಲಭ, ಎಲ್ಲಕ್ಕೂ ದರ್ಜೆ ಅಥವಾ ಅಂಕಿ ಇರುತ್ತದೆ. ಡಾಸ್ ಲೆಸ್ಟ್ ಜ಼ಿಶ್ ಲೈಶ್ಟರ್ ರೆಪಾರೀರನ್: ಇದನ್ನು ರಿಪೇರಿ ಮಾಡುವುದು ಹೆಚ್ಚು ಸುಲಭ.

ದಾವಣಗೆರೆ ಡಿಪ್ಲೊಮಾ

'ಪರದೆ ದೊಡ್ಡದಾದಷ್ಟೂ ಚಾರ್ಜ್ ಬೇಗ ಮುಗಿಯುತ್ತೆ' ಅನ್ನೋದಕ್ಕೆ ಏನಾದ್ರೂ ಇದೆಯಾ? ಇದಿಲ್ಲದೆ ಫೋನಿನ ಬಗ್ಗೆ ಮಾತಾಡೋಕೇ ಆಗಲ್ಲ.

ಜರ್ಮನ್ ಮೇಷ್ಟ್ರು, ಬೆಂಗಳೂರು

ಇದೆ. 'ಯೇ … ಡೆಸ್ಟೋ'. ಯೇ ಗ್ರ್ಯೋಸರ್ ಡೇರ್ ಬಿಲ್ಟ್‌ಶಿರ್ಮ್ ಇಸ್ಟ್, ಡೆಸ್ಟೋ ಶ್ನೆಲರ್ ಇಸ್ಟ್ ಡೇರ್ ಅಕ್ಕು ಲೇರ್. ಮೊದಲ ಅರ್ಧದಲ್ಲಿ ಕ್ರಿಯಾಪದ 'ಇಸ್ಟ್' ಕಟ್ಟಕಡೆಗೆ ಹೋಗಿದೆ, ನಮ್ಮ ಕನ್ನಡದ ಹಾಗೆ. ಎರಡನೇ ಅರ್ಧದಲ್ಲಿ 'ಡೆಸ್ಟೋ ಶ್ನೆಲರ್' ಬಂದ ಕೂಡಲೇ ಕ್ರಿಯಾಪದ ಬರಬೇಕು, ಆಮೇಲೆ 'ಡೇರ್ ಅಕ್ಕು'. ಎಲ್ಲರೂ ತಪ್ಪುವುದು ಎರಡನೇ ಅರ್ಧದಲ್ಲಿ. 'ಡೆಸ್ಟೋ' ಬದಲು 'ಉಮ್‌ಜ಼ೋ' ಅಂದರೂ ನಡೆಯುತ್ತದೆ.

ನಿಮ್ಮ ಊರಿನ ಮಾತಿನಲ್ಲೇ ಕಟ್ಟಿ ನೋಡಿ. ಬಿಸಿಲು ಹೆಚ್ಚಾದಷ್ಟೂ ಫ್ಯಾನು ಜೋರು, ಫೋನು ಹಳೆಯದಾದಷ್ಟೂ ನಿಧಾನ. ಯೇ ಎಲ್ಟರ್ ಡಾಸ್ ಹ್ಯಾಂಡಿ ಇಸ್ಟ್, ಡೆಸ್ಟೋ ಲಾಂಗ್‌ಜ಼ಾಮರ್ ವಿರ್ಟ್ ಎಸ್.

ಪರೀಕ್ಷೆಗೆ ಸಂಬಂಧಿಸಿದ ಮಾತು. ಬಿ1 ಮಾತಾಡುವ ಭಾಗ ಇಬ್ಬರಿಗೆ ಸೇರಿ ಸುಮಾರು 15 ನಿಮಿಷ. ಮೊದಲು ಇಬ್ಬರೂ ಸೇರಿ ಏನಾದರೂ ಯೋಜನೆ ಮಾಡಬೇಕು. ಅಲ್ಲಿ 'ಇಶ್ ಫಿಂಡೆ … ಬೆಸರ್, ವೈಲ್ …' (ನನಗೆ … ಹೆಚ್ಚು ಒಳ್ಳೆಯದು ಅನ್ನಿಸುತ್ತದೆ, ಯಾಕೆಂದರೆ …) ಅನ್ನುವುದೇ ಜೀವಾಳ. ಆಮೇಲೆ ಒಂದು ವಿಷಯದ ಬಗ್ಗೆ ಐದು ಹಾಳೆಯ ಮಾತು: ವಿಷಯ, ನಿಮ್ಮ ಅನುಭವ, ನಿಮ್ಮ ದೇಶದಲ್ಲಿ ಹೇಗೆ, ಒಳಿತು ಕೆಡುಕು ಮತ್ತು ಅಭಿಪ್ರಾಯ, ಮುಕ್ತಾಯ. ಕೊನೆಗೆ ಜೊತೆಯವರ ಪ್ರಶ್ನೆ. ಪ್ರತಿ ಭಾಗಕ್ಕೂ 100ಕ್ಕೆ 60 ಬಂದರೆ ಪಾಸು. ಎರಡು, ಮೂರು, ನಾಲ್ಕನೇ ಹಾಳೆಗಳಲ್ಲಿ ಹೋಲಿಕೆ ಬಾರದೆ ಮಾತು ನಡೆಯುವುದೇ ಇಲ್ಲ. ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ: ನಿಮ್ಮ ಮನೆಯ ವಸ್ತುಗಳನ್ನೇ ತೆಗೆದುಕೊಳ್ಳಿ.

ಹುಬ್ಬಳ್ಳಿ ಹುಡುಗಿ

ಎಲ್ಲಾರಿಗೂ ಭಾಳ ಧನ್ಯವಾದ್ರಿ. ಸಿಸ್ಟರ್ ಅಕ್ಕಾರು ಹೇಳಿದಂಗ ಚಿತ್ರದ ಫೋನ್ ಬಿಟ್ಟೆ. ನಮ್ಮ ಅಪ್ಪಂದು ಗುಂಡಿ ಫೋನು, ನಂದು ಸ್ಮಾರ್ಟ್‌ಫೋನು. ಅವೆರಡನ್ನ ಇಟ್ಕೊಂಡು ಬರದೇನಿ, ಮೇಷ್ಟ್ರು ತಿದ್ದಿ ಕೊಡ್ರಿ:

ಮೈನ್ ಫಾಟರ್ ಹಾಟ್ ಐನ್ ಟಾಸ್ಟನ್‌ಹ್ಯಾಂಡಿ. ಎಸ್ ಇಸ್ಟ್ ಕ್ಲೈನರ್ ಉಂಡ್ ಲೈಶ್ಟರ್ ಆಲ್ಸ್ ಮೈನ್ಸ್. ಡೇರ್ ಅಕ್ಕು ಹೆಲ್ಟ್ ಜ಼ೇರ್ ಲೆಂಗರ್. ಮೈನ್ ಹ್ಯಾಂಡಿ ಹಾಟ್ ತ್ಸ್ವಾರ್ ಐನೆ ಬೆಸರ್ ಕಾಮೆರಾ, ಆಬರ್ ಇಶ್ ಮುಸ್ ಎಸ್ ಯೇಡನ್ ಟಾಗ್ ಲಾಡನ್. ಯೇ ಮೇರ್ ಆ್ಯಪ್ಸ್ ಇಶ್ ಇನ್‌ಸ್ಟಾಲೀರೆ, ಡೆಸ್ಟೋ ಡೇರ್ ಅಕ್ಕು ಇಸ್ಟ್ ಶ್ನೆಲರ್ ಲೇರ್. ಮೈನೆಮ್ ಫಾಟರ್ ಇಸ್ಟ್ ಡೇರ್ ಅಕ್ಕು ವಿಶ್ಟಿಗರ್ ಆಲ್ಸ್ ಡೀ ಕಾಮೆರಾ. (ಅಪ್ಪಂದು ಗುಂಡಿ ಫೋನು. ಅದು ನಂದಕ್ಕಿಂತ ಸಣ್ಣದು, ಹಗುರ, ಚಾರ್ಜ್ ಭಾಳ ಹೊತ್ತು ಬರ್ತದ. ನಂದರ ಕ್ಯಾಮೆರಾ ಛಲೋ ಖರೆ, ಆದ್ರ ದಿನಾ ಚಾರ್ಜ್ ಮಾಡಬೇಕು. ಆ್ಯಪ್ ಹೆಚ್ಚು ಹಾಕಿದಷ್ಟೂ ಚಾರ್ಜ್ ಲಗೂ ಮುಗೀತದ. ಅಪ್ಪಗ ಕ್ಯಾಮೆರಾಕಿಂತ ಬ್ಯಾಟರಿ ಮುಖ್ಯ.)

ಕಡೀ ವಾಕ್ಯದಾಗ 'ಅಪ್ಪಗ ಮುಖ್ಯ' ಅಂತ ಹೇಳಾಕ 'ಮೈನೆಮ್ ಫಾಟರ್' ಅಂತ ಹಾಕೇನಿ, ಬರೋಬ್ಬರಿ ಅದ ಏನ್ರಿ?

ಜರ್ಮನ್ ಮೇಷ್ಟ್ರು, ಬೆಂಗಳೂರು

ಕೊನೆಯ ವಾಕ್ಯ ಸಂಪೂರ್ಣ ಸರಿ. ಅದನ್ನು ಓದಿ ನನಗೆ ಸಂತೋಷವಾಯಿತು.

ತಿದ್ದಬೇಕಾದ್ದು ಮೂರು ಕಡೆ. 'ಜ಼ೇರ್ ಲೆಂಗರ್' ಅಲ್ಲ, 'ಫೀಲ್ ಲೆಂಗರ್'. 'ಐನೆ ಬೆಸರ್ ಕಾಮೆರಾ' ಅಲ್ಲ, 'ಐನೆ ಬೆಸರೆ ಕಾಮೆರಾ'. ಗುಣಪದ ನಾಮಪದದ ಮುಂದೆ ಬಂದಾಗ 'ಅರ್' ಆದಮೇಲೂ ಅದಕ್ಕೆ ಮಾಮೂಲಿ ಪ್ರತ್ಯಯ ಹತ್ತುತ್ತದೆ. ಐನ್ ಶ್ನೆಲರೆಸ್ ಹ್ಯಾಂಡಿ, ಐನೆನ್ ಗ್ರ್ಯೋಸರನ್ ಬಿಲ್ಟ್‌ಶಿರ್ಮ್, ಹೀಗೆ. 'ಮೇರ್', 'ವೇನಿಗರ್' ಎರಡಕ್ಕೆ ಮಾತ್ರ ಏನೂ ಹತ್ತುವುದಿಲ್ಲ, ಆದ್ದರಿಂದ ನಿಮ್ಮ 'ಮೇರ್ ಆ್ಯಪ್ಸ್' ಸರಿಯಿದೆ. ಇನ್ನು 'ಡೆಸ್ಟೋ ಶ್ನೆಲರ್ ಇಸ್ಟ್ ಡೇರ್ ಅಕ್ಕು ಲೇರ್'.

ಕಾಸೆಲ್ ಸಿಸ್ಟರ್

ತಂಗಿ, ನಾನು ಪರೀಕ್ಷೆಯ ಜೊತೆಗಾರ್ತಿ ಅಂದುಕೋ. ನನ್ನ ಪ್ರಶ್ನೆ: ವಾರುಮ್ ಕೌಫ್ಟ್ ಡೈನ್ ಫಾಟರ್ ಕೈನ್ ನೊಯೆಸ್ ಹ್ಯಾಂಡಿ? ನಿಮ್ಮ ತಂದೆ ಹೊಸ ಫೋನು ಯಾಕೆ ಕೊಳ್ಳಲ್ಲ? ಜರ್ಮನ್‌ನಲ್ಲೇ ಉತ್ತರ ಬೇಕು.

ಹುಬ್ಬಳ್ಳಿ ಹುಡುಗಿ

ವೈಲ್ ಎರ್ ಡೆನ್ ಗಾಂತ್ಸನ್ ಟಾಗ್ ಔಫ್ ಡೆಮ್ ಫೆಲ್ಡ್ ಇಸ್ಟ್. ಡೋರ್ಟ್ ಗಿಪ್ಟ್ ಎಸ್ ಕೈನೆ ಶ್ಟೆಕ್‌ಡೋಜ಼ೆ. (ದಿನಾಪೂರ್ತಿ ಹೊಲದಾಗ ಇರ್ತಾರ, ಅಲ್ಲಿ ಚಾರ್ಜ್ ಹಚ್ಚಾಕ ಪ್ಲಗ್ ಇಲ್ರಿ.) ಅಕ್ಕಾ, ಇದರ ಮುಂದ 'ಅವರಿಗೆ ಹಳೇದ ಛಲೋ' ಅಂತ ಹೇಳಬೇಕಂದ್ರ?

ಕಾಸೆಲ್ ಸಿಸ್ಟರ್

ಫ್ಯೂರ್ ಈನ್ ಇಸ್ಟ್ ಡಾಸ್ ಆಲ್ಟೆ ಬೆಸರ್. 'ವೈಲ್' ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಸರಿಯಾಗಿ ಇಟ್ಟಿದ್ದೀಯ. ಈಗ ನೀನು ನನ್ನನ್ನು ಕೇಳು, ನನ್ನ ಹತ್ತಿರ ಹೊಸ ವ್ಯಾಕ್ಯೂಮ್ ಕ್ಲೀನರ್ ಇದೆ, ಹಳೆಯದು ಕೆಳಗಿನ ಮನೆಯವರಿಗೆ ಕೊಟ್ಟೆ.